ಖಾನಾಪುರಕ್ಕೆ ಹೋದ ಬೆಲ್ಲ

ಹೋದ ವಾರ ಖಾನಾಪುರದ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತಿದ್ದೆ. ಸಣ್ಣ ಮಳೆ ಹಿಡಿದಿತ್ತು. ಊರು ಇನ್ನೂ ಸ್ವಲ್ಪ ದೂರವಿರುವಾಗ, ಹಳೆಯ ಹಂಚಿನ ಕಾರ್ಖಾನೆಯ ತಿರುವಿನಲ್ಲಿ ಬಸ್ಸು ನಿಧಾನವಾಯಿತು. ಆಗ ಆ ವಾಸನೆ ಬಂತು. ಉಜ್ಜಿದ ಕಬ್ಬಿಣ, ಸುಟ್ಟ ಮರಳು, ಅದರ ಮೇಲೆ ಮಳೆಯ ತೇವ. ನಾನು ಸರಕ್ಕನೆ ಎದ್ದು ನಿಂತೆ. ಪಕ್ಕದ ಹೆಣ್ಣುಮಗಳು, ‘ಸ್ಟಾಪ್ ಇನ್ನಾ ಮುಂದ ಐತ್ರಿ ಅಮ್ಮಾ’ ಎಂದಳು. ಕುಳಿತೆ. ಆದರೆ ಆ ತಿರುವಿನ ಹಿಂದಿದ್ದ ಶೆಡ್ಡು ಮುಚ್ಚಿ ಎರಡು ವರ್ಷವಾಗಿತ್ತು. ಅಲ್ಲಿಂದ ಆ ವಾಸನೆ ಬರಬಾರದಿತ್ತು.

ನಾನು ಬದುಕಿನ ಬಹುಭಾಗ ಸರ್ಕಾರಿ ಆಸ್ಪತ್ರೆಗಳಲ್ಲಿ ನರ್ಸ್ ಆಗಿ ಕಳೆದವಳು, ಕೊನೆಗೆ ಮೇಟ್ರನ್ ಆಗಿ ನಿವೃತ್ತಳಾದವಳು. ಹಾಸಿಗೆಯ ಮೂಲೆಯನ್ನು ಲಕೋಟೆಯ ಹಾಗೆ ಮಡಿಸಬೇಕು, ಕೇಳಿದ್ದಕ್ಕೆ ಮಾತ್ರ ಉತ್ತರ ಹೇಳಬೇಕು, ಕೇಳಿದ್ದನ್ನು ಮುಚ್ಚಿಡಬಾರದು: ತರಬೇತಿಯಲ್ಲಿ ಕಲಿಸಿದ ಈ ಮೂರು ಈಗಲೂ ಕೈಬಿಟ್ಟಿಲ್ಲ. ನಿವೃತ್ತಿಯಾದ ಮೇಲೆ ಮನೆಯಲ್ಲಿ ಸುಮ್ಮನೆ ಕೂರುವುದು ಆಗಲಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಕಬ್ಬಿಣದ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ ಪ್ರಥಮ ಚಿಕಿತ್ಸೆಯ ಕೋಣೆಗೆ ಒಬ್ಬರು ಬೇಕಾಗಿದ್ದರು. ಟಿಳಕವಾಡಿಯ ನನ್ನ ಮನೆಯಿಂದ ನಡೆದೇ ಹೋಗುವಷ್ಟು ಹತ್ತಿರ. ಸೇರಿಕೊಂಡೆ. ಎಲ್ಲರಿಗೂ ‘ಬಾಯಾರ’ ಆದೆ, ನರ್ಸಮ್ಮನನ್ನು ಈ ಕಡೆ ಕರೆಯುವುದೇ ಹಾಗೆ.

ಸುಟ್ಟಗಾಯ, ಕಣ್ಣಿಗೆ ಸಿಡಿದ ಕಿಡಿ, ಜಜ್ಜಿದ ಬೆರಳು ನನ್ನ ಕೆಲಸ. ಅದರ ಜೊತೆಗೆ ಇನ್ನೊಂದು ಕೆಲಸವೂ ಬಂತು: ಬೆಲ್ಲ ಹಂಚುವುದು. ಎರಕ ಹೊಯ್ದು ತೆಗೆದ ಕಬ್ಬಿಣದ ಮಾಲಿಗೆ ಅಂಚಿನಲ್ಲಿ ಮುಳ್ಳು, ಹಕ್ಕಳೆ, ಸುಟ್ಟ ಮರಳು ಅಂಟಿಕೊಂಡಿರುತ್ತದೆ. ಅದನ್ನು ಗ್ರೈಂಡರ್ ಹಿಡಿದು ಉಜ್ಜಿ ನಯ ಮಾಡುವ ಕೆಲಸಕ್ಕೆ ಫೆಟ್ಲಿಂಗ್ ಎನ್ನುತ್ತಾರೆ. ಕಾರ್ಖಾನೆಯಲ್ಲಿ ಅತಿ ಹೆಚ್ಚು ಧೂಳು ಅಲ್ಲೇ. ಪಾಳಿ ಶುರುವಾಗುವ ಮುಂಚೆ ಫೆಟ್ಲಿಂಗ್‌ನವರು ನನ್ನ ಕೋಣೆಯ ಮುಂದೆ ಸಾಲಾಗಿ ನಿಂತು ತಲಾ ಒಂದು ತುಂಡು ಬೆಲ್ಲ ಇಸಿದುಕೊಂಡು ಹೋಗುವ ಪದ್ಧತಿ ಇತ್ತು. ಕಾರ್ಖಾನೆ ಕಟ್ಟಿದ ಹಿರಿಯ ಸಾವಕಾರರು ಹಾಕಿಕೊಟ್ಟದ್ದು. ಬೆಲ್ಲ ತಿಂದರೆ ಧೂಳು ಗಂಟಲಿನಿಂದ ಇಳಿದು ಹೊಟ್ಟೆಗೆ ಹೋಗುತ್ತದೆ ಎಂಬ ನಂಬಿಕೆ. ಹೊಟ್ಟೆಗೆ ಹೋದ ಧೂಳು ಹೇಗೋ ಹೊರಗೆ ಹೋಗುತ್ತದೆ, ಎದೆಗೆ ಇಳಿದದ್ದು ಅಲ್ಲೇ ಉಳಿಯುತ್ತದೆ ಎಂಬುದು ನನಗೆ ಗೊತ್ತಿತ್ತು. ಆದರೂ ಹಂಚುತ್ತಿದ್ದೆ.

ಸಾಲಿನಲ್ಲಿ ಮೊದಲು ದಸ್ತಗೀರ. ಖಾನಾಪುರದವನು, ಬೆಳಗಿನ ರೈಲು ಹಿಡಿದು ಬರುತ್ತಿದ್ದ. ಫೆಟ್ಲಿಂಗ್‌ನಲ್ಲಿ ಎಲ್ಲರಿಗಿಂತ ಹಿರಿಯ. ಅವನು ಬರುವುದು ನನಗೆ ಮುಖ ಕಾಣುವ ಮೊದಲೇ ಕೆಮ್ಮಿನಿಂದ ತಿಳಿಯುತ್ತಿತ್ತು. ಒಣ ಕೆಮ್ಮು, ಅರ್ಧಕ್ಕೇ ತುಂಡಾಗುವಂಥದ್ದು.

‘ಬಾಯಾರ, ಇವತ್ತ ತುಕಡಾ ಸಣ್ಣದೈತಿ. ಧೂಳೇನ್ ಸಣ್ಣಾಗಿಲ್ಲ’ ಎನ್ನುತ್ತಿದ್ದ.

‘ಮುಂದ ನಡಿ. ಹಿಂದ ಮಂದಿ ನಿಂತಾರ’ ಎನ್ನುತ್ತಿದ್ದೆ.

ಧೂಳು ಹೀರುವ ಯಂತ್ರವೊಂದು ಇರುತ್ತದೆ. ಗ್ರೈಂಡರ್ ಮೇಲೆ ದೊಡ್ಡ ತಗಡಿನ ಬಾಯಿ, ಅದರಿಂದ ಕೊಳವೆ, ಹೊರಗೆ ಚೀಲಗಳು. ಅದನ್ನು ಹಾಕಿಸಿ ಎಂದು ನಾನು ಸೇರಿದ ವರ್ಷದಿಂದಲೂ ಕೇಳುತ್ತಿದ್ದೆ. ಹಿರಿಯರು ತೀರಿಕೊಂಡ ಮೇಲೆ ಕಾರ್ಖಾನೆ ನೋಡುತ್ತಿದ್ದವರು ಮಗ ರಾಜು ಸಾವಕಾರರು. ಕೆಟ್ಟ ಮನುಷ್ಯರಲ್ಲ. ‘ಮುಂದಿನ ವರ್ಷ ಖರೇನ ಹಾಕೂಣ್ರಿ ಬಾಯಾರ’ ಎನ್ನುತ್ತಿದ್ದರು. ಪ್ರತಿ ವರ್ಷವೂ ಮುಂದಿನ ವರ್ಷವೇ ಆಗಿತ್ತು. ದಸ್ತಗೀರನ ಎದೆ ಮಾತ್ರ ಯಾವ ವರ್ಷಕ್ಕೂ ಕಾಯುತ್ತಿರಲಿಲ್ಲ.

ಆ ವರ್ಷ ಮಳೆ ಶುರುವಾಗುವ ಹೊತ್ತಿಗೆ ಆಫೀಸಿನಲ್ಲಿ ಹೊಸ ಗಡಿಬಿಡಿ ಶುರುವಾಯಿತು. ನಮ್ಮ ಮಾಲಿನ ಬಹುಪಾಲು ಕೊಳ್ಳುತ್ತಿದ್ದುದು ಪುಣೆಯ ಒಂದು ದೊಡ್ಡ ಕಂಪನಿ. ಶೇರು ಪೇಟೆಯಲ್ಲಿರುವ ಅಂಥ ದೊಡ್ಡ ಕಂಪನಿಗಳು ಗಾಳಿ, ನೀರು, ಕಸ, ಕೆಲಸಗಾರರ ಆರೋಗ್ಯ ಇವುಗಳ ಬಗ್ಗೆ ಪ್ರತಿವರ್ಷ ವರದಿ ಕೊಡಲೇಬೇಕೆಂದು ನಿಯಮ ಬಂದಿದೆಯಂತೆ. ಅವರದಷ್ಟೇ ಕೊಟ್ಟರೆ ಸಾಲದು, ಅವರಿಗೆ ಮಾಲು ಕೊಡುವ ನಮ್ಮಂಥವರದೂ ಬೇಕಂತೆ. ಪುಣೆಯಿಂದ ಪ್ರಶ್ನೆಗಳು ಬಂದವು. ಉತ್ತರ ಬರೆದುಕೊಡಲು ಹುಬ್ಬಳ್ಳಿಯಿಂದ ಒಬ್ಬ ಸಲಹೆಗಾರನನ್ನು ಕರೆಸಿದರು.

ನಾನು ಕಂಡದ್ದನ್ನು ಕಂಡ ಹಾಗೆ ಹೇಳಬೇಕು. ಆ ಪ್ರಶ್ನೆಗಳಿಂದ ಕೆಲಸ ಆಯಿತು. ಅಚ್ಚಿಗೆ ಮರಳು ಕಟ್ಟುವ ಹೆಣ್ಣುಮಕ್ಕಳಿಗೆ ಬಾಗಿಲು ಸರಿಯಾಗಿ ಮುಚ್ಚುವ ಶೌಚಾಲಯ ಬಂತು. ಸುಟ್ಟ ಕರಿ ಮರಳನ್ನು ರಸ್ತೆ ಬದಿಯ ತಗ್ಗಿಗೆ ಸುರಿಯುವುದು ನಿಂತಿತು. ಕುಡಿಯುವ ನೀರನ್ನು ಪರೀಕ್ಷೆಗೆ ಕಳಿಸಿದರು. ನಾನು ಬೇಡಿ ಬೇಡಿ ಸುಮ್ಮನಾಗಿದ್ದ ಸ್ಟ್ರೆಚರ್ ಒಂದು ದಿನ ತಾನಾಗಿಯೇ ಬಂದು ನನ್ನ ಕೋಣೆಯ ಮುಂದೆ ನಿಂತಿತು. ವಾರ್ಡಿನಲ್ಲೂ ಹೀಗೆಯೇ. ದೊಡ್ಡ ಡಾಕ್ಟರು ಸುತ್ತು ಬರುವ ದಿನ ನೆಲ ಒರೆಸಿರುತ್ತದೆ. ಕೇಳುವವರು ಬೇಕು, ಅಷ್ಟೇ. ಧೂಳಿನ ಬಗ್ಗೆಯೂ ಪ್ರಶ್ನೆ ಇದೆ ಎಂದು ಕೇಳಿದಾಗ, ಇನ್ನು ಯಂತ್ರ ಬಂದೇ ಬಂತು ಎಂದುಕೊಂಡೆ. ದಸ್ತಗೀರನಿಗೂ ಹೇಳಿಬಿಟ್ಟೆ.

ಒಂದು ಬೆಳಿಗ್ಗೆ ಸಲಹೆಗಾರ ನನ್ನ ಕೋಣೆಯ ಮುಂದೆ ನಿಂತು ಸಾಲನ್ನು ನೋಡಿದ.

‘ಬೆಲ್ಲ ಯಾಕ್ರಿ ಮೇಡಂ?’

‘ಧೂಳಿಗೆ.’

‘ಅಂದ್ರ ಧೂಳ ಐತಿ ಅಂದಂಗಾತು.’

‘ಐತಲ್ಲ. ಬರ್ರಿ ತೋರಸ್ತೀನಿ.’

ಅವನು ಬರಲಿಲ್ಲ. ತಲೆಯಾಡಿಸಿ ಆಫೀಸಿಗೆ ಹೋದ. ವಾರ ಕಳೆಯುವುದರೊಳಗೆ ಸಾವಕಾರರು ನನ್ನನ್ನು ಕರೆಸಿದರು.

‘ಬಾಯಾರ, ಕುಂದರ್ರಿ. ಫೆಟ್ಲಿಂಗ್ ಖಾನಾಪುರಕ್ಕ ಒಯ್ಯಾಕತ್ತೀವಿ. ಹಂಚಿನ ಕಾರ್ಖಾನಿ ಹಿಂದ ಒಂದ ಶೆಡ್ ಐತಿ. ಪುಂಡಲೀಕ ಅಂತ ಕಾಂಟ್ರಾಕ್ಟರ್, ಅವ ನಡಸ್ತಾನ. ಮಂದೀನೂ ಅವನ ಕಡೀನ ಹೋಗ್ತಾರ.’

‘ಮಷಿನ್?’

‘ಇಲ್ಲಿ ಇನ್ನ ಧೂಳ ಇರೂದಿಲ್ಲಲ್ರಿ. ಮಷಿನ್ ಯಾಕ?’

‘ಅಲ್ಲಿ ಇರ್ತೈತಲ್ರಿ.’

‘ಅಲ್ಲೀ ಧೂಳ ಪುಂಡಲೀಕಂದ. ನಮ್ಮ ವರದಿಯಾಗ ಬರೂದಿಲ್ಲ.’

ಗೋಡೆ ದಾಟಿದ್ದು ಧೂಳಾಗಿ ಉಳಿಯುವುದಿಲ್ಲ ಎಂಬಂತೆ ಹೇಳಿದರು. ನಾನು ಎದ್ದೆ. ಬಾಗಿಲಲ್ಲಿ ತಿರುಗಿ ಕೇಳಿದೆ: ‘ಬೆಲ್ಲ ಬಂದ್ ಮಾಡ್ಲೇನು ಹಂಗಾರ?’

ಸಾವಕಾರರು ಪೆನ್ನು ಕೆಳಗಿಟ್ಟರು. ಯಂತ್ರದ ಮಾತಿಗೆ ತಡೆಯದ ಮನುಷ್ಯ ಈ ಮಾತಿಗೆ ತಡೆದರು. ಗೋಡೆಯ ಮೇಲಿದ್ದ ತಂದೆಯ ಫೋಟೋ ಕಡೆ ನೋಡಿದರು. ‘ಬೆಲ್ಲ ಬಿಡಾಕ ಬರೂದಿಲ್ಲ ಬಾಯಾರ. ಅಪ್ಪಾರ ಹಚ್ಚಿದ್ದ. ಬಿಟ್ಟೀವಂದ್ರ ಅವ್ವ ಮನಿಯಾಗ ಒಂದ ತುತ್ತ ಹಾಕೂದಿಲ್ಲ ನನಗ. ಮಾಲಿನ ಟೆಂಪೋದಾಗ ವಾರಕ್ಕೊಮ್ಮೆ ಕಳಸ್ರಿ.’

ಫೆಟ್ಲಿಂಗ್‌ನವರು ಖುಷಿಯಾಗಿಯೇ ಹೋದರು. ಬಹುತೇಕರು ಖಾನಾಪುರ ಕಡೆಯವರು. ‘ಲಗ್ನ ಆದಾಗಿಂದ ಹೇಣ್ತಿ ಕೈಯಾಗಿಂದ ಬಿಸಿ ರೊಟ್ಟಿ ಮಧ್ಯಾಹ್ನ ತಿಂದಿಲ್ರಿ ಬಾಯಾರ’ ಎಂದ ದಸ್ತಗೀರ. ‘ಇನ್ನ ದಿನಾ ತಿಂತೀನಿ. ಆಕೀಗೇ ಬ್ಯಾಸರಾಗ್ತದ ನೋಡ್ರಿ.’

ನನ್ನ ಕೋಣೆಯ ಮುಂದೆ ಸಾಲು ಇಲ್ಲವಾಯಿತು. ಕೆಮ್ಮೂ ಇಲ್ಲ. ಉದ್ಯಮಬಾಗದ ಕಾರ್ಖಾನೆ ನಿಜಕ್ಕೂ ಸ್ವಚ್ಛವಾಯಿತು. ಖಾಲಿಯಾದ ಜಾಗಕ್ಕೆ ಬಿಳಿ ಬಣ್ಣ ಹೊಡೆದು, ಕುಂಡಗಳಲ್ಲಿ ಗಿಡ ತಂದಿಟ್ಟರು. ನಾನು ಮಾತ್ರ ಕೂತಲ್ಲಿ ಕೂರಲಾರದವಳಾದೆ. ಮಡಿಸಿಟ್ಟ ಬ್ಯಾಂಡೇಜನ್ನೇ ಬಿಚ್ಚಿ ಮತ್ತೆ ಮಡಿಸುತ್ತಿದ್ದೆ. ಒಂದು ರಜೆಯ ದಿನ ಖಾನಾಪುರಕ್ಕೆ ಹೋದೆ.

ಖಾನಾಪುರದ ಮಳೆ ಬೆಳಗಾವಿಯ ಮಳೆಯಲ್ಲ. ನಿಂತು ನೋಡುವುದಿಲ್ಲ, ಒಳಗೇ ನುಗ್ಗುತ್ತದೆ. ಉದ್ಯಮಬಾಗದಲ್ಲಿ ಫೆಟ್ಲಿಂಗ್ ನಡೆಯುತ್ತಿದ್ದ ಜಾಗಕ್ಕೆ ಎರಡು ಕಡೆ ಗೋಡೆಯೇ ಇರಲಿಲ್ಲ, ಗಾಳಿ ಧೂಳನ್ನು ಒಂದಿಷ್ಟಾದರೂ ಒಯ್ಯುತ್ತಿತ್ತು. ಇಲ್ಲಿ ಎರಚಲು ತಡೆಯಲು ಸುತ್ತ ತಾಡಪತ್ರಿ ಬಿಟ್ಟು, ಶಟರ್ ಎಳೆದಿದ್ದರು. ಒಳಗೆ ದೀಪದ ಬೆಳಕು ಕೂಡ ಕಂದು ಬಣ್ಣಕ್ಕೆ ತಿರುಗಿತ್ತು. ಮುಖಕ್ಕೆ ಕರವಸ್ತ್ರ ಕಟ್ಟಿಕೊಂಡವರಲ್ಲಿ ದಸ್ತಗೀರ ಯಾರು ಎಂದು ನನಗೆ ಕೆಮ್ಮಿನಿಂದಲೇ ತಿಳಿಯಿತು. ಆ ಕೆಮ್ಮು ಈಗ ಅರ್ಧಕ್ಕೆ ತುಂಡಾಗುತ್ತಿರಲಿಲ್ಲ. ಮುಗಿಯುತ್ತಲೇ ಇರಲಿಲ್ಲ.

‘ಬಿಸಿ ರೊಟ್ಟಿ ಹೆಂಗೈತಿ?’ ಎಂದೆ.

‘ಬಿಸೀ ಐತ್ರಿ’ ಎಂದು ನಕ್ಕ. ‘ತಿನ್ನಾಕ ಉಸರ ಸಾಲೂದಿಲ್ಲ.’

ಮರುದಿನ ಸಾವಕಾರರಿಗೆ ಹೇಳಿದೆ. ಪುಂಡಲೀಕನಿಗೆ ಹೇಳುತ್ತೇನೆ ಎಂದರು. ಪುಂಡಲೀಕನಿಗೆ ಹೇಳಿದೆ. ಅವನು ಸಾವಕಾರರಿಗೆ ಹೇಳುತ್ತೇನೆ ಎಂದ. ಅವನದೂ ಸುಳ್ಳಲ್ಲ. ಯಂತ್ರ ತರುವ ಶಕ್ತಿ ಅವನಿಗೆ ಇರಲಿಲ್ಲ. ನಡುವೆ ನಾನು ವಾರಕ್ಕೊಮ್ಮೆ ಬೆಲ್ಲದ ಪೆಂಟಿಯನ್ನು, ಎಂದರೆ ಇಡೀ ಉಂಡೆಯನ್ನು, ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮಾಲಿನ ಮೇಲೆ ಇಟ್ಟು ಟೆಂಪೊ ಕಳಿಸುತ್ತಿದ್ದೆ. ಕಳಿಸಿದಾಗೆಲ್ಲ ಸಿಟ್ಟು ಬರುತ್ತಿತ್ತು. ಆ ಬೆಲ್ಲ ಏನೂ ಮಾಡುವುದಿಲ್ಲ ಎಂದು ನನಗಿಂತ ಚೆನ್ನಾಗಿ ಬಲ್ಲವರು ಆ ಕಾರ್ಖಾನೆಯಲ್ಲಿ ಯಾರಿದ್ದರು?

ಗಣಪತಿ ಹಬ್ಬ ಕಳೆದ ಮೇಲೆ ಪುಣೆಯ ಕಂಪನಿಯಿಂದ ಪರಿಶೀಲನೆಗೆ ಒಬ್ಬಳು ಹುಡುಗಿ ಬಂದಳು. ಮೃಣಾಲ್ ಎಂದು ಹೆಸರು. ಮರಾಠಿಯಲ್ಲೇ ಮಾತು, ನನ್ನನ್ನು ಬಂದ ಕೂಡಲೇ ಮಾವಶಿ, ಚಿಕ್ಕಮ್ಮ, ಎಂದಳು. ಸಲಹೆಗಾರ ಹಿಂದೆ ಹಿಂದೆ, ಸಾವಕಾರರು ಪಕ್ಕದಲ್ಲಿ. ಶೌಚಾಲಯ ನೋಡಿದಳು, ಸ್ಟ್ರೆಚರ್ ನೋಡಿದಳು, ಗಿಡ ನೋಡಿದಳು. ಎಲ್ಲ ಸರಿ ಇತ್ತು. ಹೊರಡುವ ಹೊತ್ತಿಗೆ ಗೇಟಿನ ಬಳಿ ಟೆಂಪೊ ತುಂಬುತ್ತಿದ್ದರು. ನಾನು ಎಂದಿನಂತೆ ಪೆಂಟಿಯನ್ನು ಮೇಲಿಟ್ಟು ಕೈ ಒರೆಸಿಕೊಳ್ಳುತ್ತಿದ್ದೆ. ಅದು ಬೆಲ್ಲ ಕಳಿಸುವ ದಿನ. ಬೇರೆ ದಿನ ಕಳಿಸಿ ಎಂದು ಯಾರೂ ಹೇಳಿರಲಿಲ್ಲ.

ಕಬ್ಬಿಣದ ಮೇಲೆ ಬೆಲ್ಲ ಕಂಡು ಅವಳು ನಿಂತಳು. ‘ಮಾವಶಿ, ಇದು ಯಾರಿಗೆ?’

ಸಾವಕಾರರು ಬಾಯಿ ಹಾಕಿದರು. ‘ಪ್ರಸಾದಕ್ಕ. ಗುಡಿಗೆ ಕಳಸ್ತೀವಿ.’

ಅವಳು ಅವರ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. ಕೇಳಿದ್ದು ನನ್ನನ್ನು.

‘ಖಾನಾಪುರಕ್ಕೆ’ ಎಂದೆ.

‘ಅಲ್ಲಿ ಯಾರಿದ್ದಾರೆ?’

‘ನಮ್ಮ ಫೆಟ್ಲಿಂಗ್‌ನವರು.’

ಟೆಂಪೊ ಮುಂದೆ, ಅವಳ ಕಾರು ಹಿಂದೆ. ನನ್ನನ್ನೂ ಕೂರಿಸಿಕೊಂಡಳು. ದಾರಿಯುದ್ದಕ್ಕೂ ಮಳೆ. ಶೆಡ್ಡಿನ ಶಟರ್ ಎತ್ತಿಸಿದಾಗ ಒಳಗಿನ ಧೂಳು ಹೊಗೆಯ ಹಾಗೆ ಹೊರಗೆ ಬಂದು ಮಳೆಯಲ್ಲಿ ಕೆಸರಾಗಿ ಬಿದ್ದಿತು. ಒಳಗೆ ಹೆಜ್ಜೆ ಇಟ್ಟವಳು ಕೆಮ್ಮತೊಡಗಿದಳು. ದಸ್ತಗೀರ ಗ್ರೈಂಡರ್ ನಿಲ್ಲಿಸಿ, ಹೊಸದಾಗಿ ಬಂದ ಪೆಂಟಿಯನ್ನು ಸುತ್ತಿಗೆಯಿಂದ ಒಡೆದು, ಒಂದು ತುಂಡನ್ನು ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದ. ‘ತಗೋ ಬೇಟಿ. ಗಂಟ್ಲಾಗಿಂದ ಇಳೀತದ.’

ಅವಳು ತಿಂದಳು. ತಿಂದು ಕೇಳಿದಳು, ‘ಕಾಕಾ, ನಿಮ್ಮ ಕಂಪನಿ ಯಾವುದು?’

ದಸ್ತಗೀರ ಪುಂಡಲೀಕನ ಹೆಸರು ಹೇಳಬೇಕಿತ್ತು. ಹಾಗೆಂದು ಹೇಳಿಕೊಟ್ಟೂ ಇದ್ದರು. ಆದರೆ ಅವನು ಪೆಂಟಿಯ ಕಡೆ ಕೈ ತೋರಿಸಿದ. ‘ಬೆಲ್ಲ ಯಾರ ಕೊಡ್ತಾರೋ ಅವರದ.’

ಆಮೇಲಿನ ವಾರಗಳು ಕೆಟ್ಟವು. ಪುಣೆಯ ಕಂಪನಿ ಹೊಸ ಆರ್ಡರು ತಡೆಹಿಡಿಯಿತು. ಶೆಡ್ಡನ್ನೂ ವರದಿಯಲ್ಲಿ ಸೇರಿಸಬೇಕು, ಧೂಳಿಗೆ ವ್ಯವಸ್ಥೆ ಆಗಬೇಕು, ಆಮೇಲೆ ಮಾತು ಎಂದಿತು. ಸಾವಕಾರರು ನನ್ನನ್ನು ಕರೆಸಿ, ಕೂರಲು ಹೇಳದೆ, ‘ಬೆಲ್ಲ ಕಳಸ್ರಿ ಅಂದಿದ್ದೆ ಬಾಯಾರ. ಮಂದೀನ ಕಳಸ್ರಿ ಅಂದಿದ್ದಿಲ್ಲ’ ಎಂದರು.

‘ಗುಡಿ ಅಂದ್ರಿ. ಗುಡಿ ತೋರ್ಸಾಕ ಹೋಗಿದ್ದೆ’ ಎಂದೆ.

ಅವರ ಸಿಟ್ಟು ನನಗೆ ತಾಕಲಿಲ್ಲ. ತಾಕಿದ್ದು ದಸ್ತಗೀರನ ಮಾತು. ಕೆಲಸ ನಿಂತ ಶೆಡ್ಡಿನ ಮುಂದೆ ಬೀಡಿ ಹಚ್ಚದೆ ಬೆರಳಲ್ಲಿ ತಿರುಗಿಸುತ್ತಾ ಕುಳಿತಿದ್ದ. ‘ನಮ್ಮ ಎದಿ ಬಗ್ಗೆ ಭಾಳ ಕಾಳಜಿ ಮಾಡಿದ್ರಿ ಬಾಯಾರ. ಎದಿ ಕೆಳಗ ಹೊಟ್ಟಿ ಅಂತ ಒಂದ ಇರ್ತದ್ರಿ’ ಎಂದ. ಆ ದಿನಗಳಲ್ಲಿ ಬೆಳಿಗ್ಗೆ ಎದ್ದು, ಸ್ನಾನ ಮಾಡಿ, ಇಸ್ತ್ರಿ ಸೀರೆ ಉಟ್ಟು, ಎಂದಿನ ಹೊತ್ತಿಗೆ ಮನೆ ಬಿಡುತ್ತಿದ್ದೆ. ದಾರಿಯಲ್ಲಿ ಒಂದೇ ಯೋಚನೆ. ಪುಣೆಯವರು ಬೇರೆ ಫೌಂಡ್ರಿಗೆ ಹೋಗಿಬಿಟ್ಟರೆ? ವರದಿ ಬರೆಯುವವರಿಗೆ ಅದು ಒಂದು ಸಾಲು. ಖಾನಾಪುರದಲ್ಲಿ ಅದು ಅಷ್ಟೂ ಮನೆಗಳ ಒಲೆ.

ದೀಪಾವಳಿಗೆ ಮುಂಚೆ ಯಂತ್ರ ಬಂತು. ಉದ್ಯಮಬಾಗಕ್ಕೇ ಬಂತು, ಬಿಳಿ ಬಣ್ಣ ಹೊಡೆದಿದ್ದ ಜಾಗದಲ್ಲೇ ಕೂತಿತು. ಶೆಡ್ಡು ಮುಚ್ಚಿ ಎಲ್ಲರನ್ನೂ ವಾಪಸು ಕರೆಸಿದರು. ಆರ್ಡರೂ ಬಂತು. ಯಂತ್ರ ಚಾಲೂ ಮಾಡಿದ ದಿನ ದಸ್ತಗೀರ ಒಂದು ಚಿಟಿಕೆ ಧೂಳನ್ನು ಅಂಗೈಯಲ್ಲಿ ತಗಡಿನ ಬಾಯಿಗೆ ಹಿಡಿದ. ಧೂಳು ಎದ್ದು ಒಳಗೆ ಹೋಯಿತು. ಮತ್ತೊಂದು ಚಿಟಿಕೆ ಹಿಡಿದ. ಸುತ್ತಲಿನವರು ನಕ್ಕರು. ಅವನು ನಗಲಿಲ್ಲ. ಖಾಲಿ ಅಂಗೈಯನ್ನು ಬಹಳ ಹೊತ್ತು ನೋಡಿದ.

ಯಂತ್ರದ ಜೊತೆಗೆ ಇನ್ನೊಂದು ಬಂತು: ಎಲ್ಲರಿಗೂ ಎದೆಯ ಎಕ್ಸ್‌ರೇ. ಅದೂ ಪ್ರಶ್ನೆಗಳಲ್ಲಿ ಇತ್ತು. ದಸ್ತಗೀರನ ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದಾಗ ನನಗೆ ಡಾಕ್ಟರ ಮಾತು ಬೇಕಾಗಲಿಲ್ಲ. ಎರಡೂ ಕಡೆ ಬಿಳಿ ಚುಕ್ಕೆ ಹರಡಿತ್ತು. ಇವನು ಇನ್ನು ಧೂಳಿನ ಹತ್ತಿರ ಹೋಗುವ ಹಾಗಿಲ್ಲ ಎಂದು ಡಾಕ್ಟರೂ ಹೇಳಿದರು. ಅವನನ್ನು ಕಟ್ಟಿಗೆಯ ಅಚ್ಚುಗಳನ್ನಿಡುವ ಕೋಣೆಗೆ ಹಾಕಿದರು. ಕೂತು ಮಾಡುವ ಕೆಲಸ. ಆ ಯಂತ್ರದ ಕೆಳಗೆ ಅವನು ಒಂದು ದಿನವೂ ದುಡಿಯಲಿಲ್ಲ.

ಆದರೆ ಫೋಟೋ ಅವನದೇ. ಪುಣೆಯಿಂದ ಫೋಟೋ ತೆಗೆಯುವವರು ಬಂದಾಗ ಫೆಟ್ಲಿಂಗ್‌ನವರು ನಾಚಿ ಸರಿದರು. ಕೈ ಖಾಲಿ ಇದ್ದವನು ದಸ್ತಗೀರ. ಹೊಸ ಹೆಲ್ಮೆಟ್ ಹಾಕಿ, ಗ್ರೈಂಡರ್ ಕೈಗೆ ಕೊಟ್ಟು, ಯಂತ್ರದ ಕೆಳಗೆ ನಿಲ್ಲಿಸಿದರು. ಆ ವರ್ಷ ಪುಣೆಯ ಕಂಪನಿಯ ವರದಿಯಲ್ಲಿ ಅದು ಇಡೀ ಪುಟದಲ್ಲಿ ಅಚ್ಚಾಯಿತು. ಬೆಲ್ಲವೂ ವರದಿಗೆ ಸೇರಿತು. ಸಲಹೆಗಾರ ಅದನ್ನು ‘ಪೌಷ್ಟಿಕ ಆಹಾರ’ ಎಂಬಲ್ಲಿ ಬರೆದಿದ್ದ.

ಮುಂದಿನ ಮಳೆಗಾಲಕ್ಕೆ ದಸ್ತಗೀರ ಕೆಲಸ ಬಿಟ್ಟ. ರೈಲು ಹತ್ತುವಷ್ಟು ಉಸಿರು ಉಳಿದಿರಲಿಲ್ಲ. ನಾನೂ ಆಮೇಲೆ ಬಿಟ್ಟೆ. ಆಗಾಗ ಖಾನಾಪುರಕ್ಕೆ ಹೋಗಿ ಅವನನ್ನು ನೋಡಿ ಬರುತ್ತೇನೆ.

ಹೋದ ವಾರ ಹೋದದ್ದೂ ಅದಕ್ಕೇ. ಹೊರಗಿನ ಕೋಣೆಯ ಮಂಚದ ಮೇಲೆ ದಿಂಬು ಪೇರಿಸಿ ಒರಗಿದ್ದ. ಎದುರಿನ ಗೋಡೆಯ ಮೇಲೆ ಆ ಪುಟ, ಕಟ್ಟು ಹಾಕಿಸಿದ್ದು. ನಾನು ತಂದ ಬೆಲ್ಲದ ಪೆಂಟಿಯನ್ನು ಅವನ ಹೆಂಡತಿ ಶಮೀಮ ಕೈಗೆ ಕೊಟ್ಟೆ. ಅವಳು ಗಂಡನ ಮುಖ ನೋಡಿದಳು.

‘ವಾಪಸ್ ಒಯ್ರಿ ಬಾಯಾರ. ಸಕ್ರಿ ಬ್ಯಾನಿ ಅಂದಾರ ಡಾಕ್ಟರ್’ ಎಂದ ದಸ್ತಗೀರ. ‘ಅಷ್ಟ್ ವರ್ಸದ ನಿಮ್ಮ ಬೆಲ್ಲ ಎಲ್ಲಾ ಎದ್ದ ನಿಂತದ.’

‘ನನ್ನ ಮ್ಯಾಲ ಹಾಕಬ್ಯಾಡ. ಸಾವಕಾರರ ಬೆಲ್ಲ ಅದು.’

ನಗಲು ಹೋಗಿ ಕೆಮ್ಮಿದ. ಶಮೀಮ ಬೆನ್ನು ನೀವಿದಳು. ಸಾಕಷ್ಟು ಹೊತ್ತಾಯಿತು. ಸುಧಾರಿಸಿಕೊಂಡು ಗೋಡೆಯ ಕಡೆ ನೋಡಿದ. ‘ಅಂವ ಆರಾಮ ಅದಾನ ನೋಡ್ರಿ. ಕೆಮ್ಮೂದಿಲ್ಲ, ಏನಿಲ್ಲ.’

ಬರುವಾಗ ನಾನು ಸ್ಟ್ಯಾಂಡಿಗೆ ಹೋಗಲಿಲ್ಲ. ಹಂಚಿನ ಕಾರ್ಖಾನೆಯ ತಿರುವಿನವರೆಗೆ ಛತ್ರಿ ಹಿಡಿದು ನಡೆದೆ. ಶೆಡ್ಡಿನ ಶಟರ್ ಅರ್ಧ ಎಳೆದಿತ್ತು. ಕೆಳಗಿನಿಂದ ಕಿಡಿ ಕಾಣುತ್ತಿತ್ತು. ತಟ್ಟಿದೆ. ಒಬ್ಬ ಬಗ್ಗಿ ಹೊರಗೆ ಬಂದ, ಮುಖಕ್ಕೆ ಕಟ್ಟಿದ್ದ ಕರವಸ್ತ್ರ ಇಳಿಸಿದ. ಗುರುತಿನವನಲ್ಲ. ಪುಂಡಲೀಕ ಮತ್ತೆ ಶೆಡ್ಡು ತೆರೆದಿದ್ದ. ಈಗ ಸಣ್ಣ ಸಣ್ಣ ಫೌಂಡ್ರಿಗಳ ಮಾಲು ಬರುತ್ತದಂತೆ, ಅವರ ಗಿರಾಕಿಗಳು ಏನೂ ಕೇಳುವುದಿಲ್ಲವಂತೆ.

‘ಬೆಲ್ಲ ಯಾರ ಕೊಡ್ತಾರ ನಿಮಗ?’ ಎಂದು ಕೇಳಿದೆ.

‘ಯಾವ ಬೆಲ್ಲರೀ?’

ಚೀಲದಿಂದ ಪೆಂಟಿ ತೆಗೆದು ಅವನ ಕೈಗಿಟ್ಟೆ. ಅವನು ಅದನ್ನು ತಿರುಗಿಸಿ ನೋಡಿದ. ‘ಇದನ್ನ ತಿಂದ್ರ ಏನಾಗ್ತೈತ್ರಿ?’

‘ಏನೂ ಆಗೂದಿಲ್ಲ’ ಎಂದೆ. ‘ಇನ್ನ ವಾರಾ ವಾರಾ ತರ್ತೀನಿ. ಒಳಗ ಇಡಬ್ಯಾಡ. ಅಕಾ ಅಲ್ಲಿ, ಬಾಗಲಾ ಬಾಜು, ರಸ್ತೇದಾಗ ಹೋಗವರಿಗೆ ಕಾಣೂವಂಗ ಇಡು. ಯಾರರೆ ನಿಂತ ಕೇಳ್ಲಿ.’